ಗುದ್ದಲಿ ಹಿಡಿದವರಿಗೂ ಹೆಸರಿದೆ

‘ಇವತ್ತು ನಾನು ಒಂದು ಗೋಡೆ ಪತ್ತೆ ಮಾಡಿದೆ.’

ಜೋರ್ಡಾನ್ ದೇಶದ ಒಂದು ದಿಬ್ಬದ ಮೇಲೆ ಆರು ವಾರ ಉತ್ಖನನದಲ್ಲಿ ದುಡಿದ ಬೇಸಿಗೆಯ ನನ್ನ ದಿನಚರಿಯಲ್ಲಿ ಒಂದು ಪುಟ ಶುರುವಾಗುವುದು ಹೀಗೆ. ಆಗ ನಾನು ಎಂ.ಎ. ವಿದ್ಯಾರ್ಥಿ. ಆ ಸಾಲು ಬರೆದು ಹಲವು ವರ್ಷಗಳಾದವು. ಅದು ಸುಳ್ಳು. ಬರೆಯುವಾಗ ಸುಳ್ಳು ಅಂತ ನನಗೆ ಹೊಳೆಯಲೇ ಇಲ್ಲ; ಹೊಳೆಯುವ ಹಾಗೆ ಯಾರೂ ಕಲಿಸಿರಲೂ ಇಲ್ಲ. ಗೋಡೆ ಪತ್ತೆ ಮಾಡಿದವರು ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ, ಅದೇ ಊರಿನ, ಅರವತ್ತರ ಆಸುಪಾಸಿನ ಒಬ್ಬ ಕೆಲಸಗಾರರು. ಒಬ್ಬ ವಿದ್ಯಾರ್ಥಿಯ ದಿನಚರಿಯ ತಪ್ಪು ಅಂತ ಇದನ್ನು ಮರೆತುಬಿಡಬಹುದಿತ್ತು. ಆದರೆ ಆ ತಪ್ಪನ್ನು ಸಹಜವೆನ್ನಿಸುವಂತೆ ಮಾಡಿದ ಒಂದು ನಂಬಿಕೆ ಇವತ್ತಿಗೂ ಗಟ್ಟಿಯಾಗಿ ಕೂತಿದೆ. ನನ್ನ ಜಗಳ ಆ ನಂಬಿಕೆಯ ಜೊತೆ.

ಆ ನಂಬಿಕೆ ಏನೆಂದರೆ: ಉತ್ಖನನದಲ್ಲಿ ಅಗೆಯುವುದು ಮೈಕೆಲಸ, ಅರಿಯುವುದು ತಲೆಕೆಲಸ. ಮೈಕೆಲಸಕ್ಕೆ ಊರಿನ ಕೂಲಿಯವರಿದ್ದಾರೆ, ತಲೆಕೆಲಸಕ್ಕೆ ವಿದ್ವಾಂಸರಿದ್ದಾರೆ. ಹೊರದೇಶದಿಂದ ಬಂದ ವಿದ್ಯಾರ್ಥಿ ನಾಲ್ಕಾರು ವಾರ ಕೈ ಕೊಳೆ ಮಾಡಿಕೊಂಡು, ವಿದ್ವಾಂಸರಿಂದ ವಿದ್ಯೆ ಕಲಿತು, ಊರಿಗೆ ಮರಳುತ್ತಾನೆ. ಇಂಥ ಬೇಸಿಗೆ ಉತ್ಖನನ ಶಾಲೆಗಳ, ಅಂದರೆ ಫೀಲ್ಡ್ ಸ್ಕೂಲ್‌ಗಳ ಜಾಹೀರಾತುಗಳನ್ನು ನೋಡಿ. ಕರಣೆ ಹಿಡಿದು ನಗುವ ಹುಡುಗ ಹುಡುಗಿಯರು ಮುಂದೆ, ಬಾಂಡ್ಲಿ ಹೊತ್ತ ಊರಿನವರು ಹಿಂದೆ, ದೂಳಿನಲ್ಲಿ ಮಸುಕಾಗಿ. ಮರಳಿ ಬಂದ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಕೊಡುವ ಉಪನ್ಯಾಸಗಳನ್ನು ಕೇಳಿ. ‘ನಾನು ಅಗೆದೆ’, ‘ನನಗೆ ಸಿಕ್ಕಿತು’, ‘ನಾವು ಕಂಡುಹಿಡಿದೆವು’. ಊರಿನವರು ಬರುವುದು ಚಹಾದ ಜೊತೆಗೆ, ಆತಿಥ್ಯದ ಜೊತೆಗೆ, ಅವರ ಒಳ್ಳೆಯ ನಗುವಿನ ಜೊತೆಗೆ. ಅವರ ತಿಳಿವಳಿಕೆಯ ಜೊತೆಗೆ ಅವರು ಬರುವುದೇ ಇಲ್ಲ.

ಈ ನಂಬಿಕೆ ಅನ್ಯಾಯದ್ದು. ಅದಕ್ಕಿಂತ ಮೊದಲು ಅದು ತಪ್ಪು. ತಪ್ಪು ಎಂಬುದನ್ನೇ ಮೊದಲು ತೋರಿಸುತ್ತೇನೆ.

ನಮ್ಮ ಗುಂಡಿ ಐದು ಮೀಟರಿನ ಚೌಕ. ಬಿಸಿಲು ಏರುವ ಮೊದಲೇ ಕೆಲಸ ಸಾಗಬೇಕೆಂದು ನಾಲ್ಕೂವರೆಗೆ ಎದ್ದು, ಬೆಳಕು ಹರಿಯುವಾಗಲೇ ಮಣ್ಣಿಗೆ ಇಳಿಯುತ್ತಿದ್ದೆವು. ಆ ಸೀಮೆಯ ಹಳೆಯ ಮನೆಗಳು ಸುಡದ ಮಣ್ಣಿಟ್ಟಿಗೆಯವು. ಗೋಡೆ ಬಿದ್ದರೆ ಇಟ್ಟಿಗೆ ಮತ್ತೆ ಮಣ್ಣಾಗುತ್ತದೆ. ನಿಂತ ಗೋಡೆಯ ಮಗ್ಗುಲಿಗೆ ಬಿದ್ದ ಗೋಡೆಯ ಮಣ್ಣು ರಾಶಿಯಾಗಿ ಕೂರುತ್ತದೆ. ಬಣ್ಣ ಅದೇ, ಗಡಸೂ ಹೆಚ್ಚುಕಡಿಮೆ ಅದೇ. ಯಾವುದು ಗೋಡೆ, ಯಾವುದು ಗೋಡೆಯ ಹೆಣ ಎಂದು ಹೇಳುವುದು ಪುಸ್ತಕ ಓದಿದ ಕಣ್ಣಿಗೆ ಆಗದ ಮಾತು. ನಾನು ಎರಡು ದಿನದಿಂದ ನಿಷ್ಠೆಯಿಂದ ಮಣ್ಣು ಕೆರೆಯುತ್ತಿದ್ದೆ. ಮೂರನೆಯ ದಿನ ಬೆಳಿಗ್ಗೆ ಪಕ್ಕದಲ್ಲಿದ್ದ ಆ ಹಿರಿಯ ಕೆಲಸಗಾರರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ‘ಶ್ವಾಯ್, ಶ್ವಾಯ್’ ಅಂದರು. ಮೆಲ್ಲಗೆ, ಮೆಲ್ಲಗೆ.

ನನ್ನ ಕೈಯಿಂದ ಕರಣೆ ತೆಗೆದುಕೊಂಡು ಒಂದು ಮಾರಿನಷ್ಟು ಜಾಗವನ್ನು ಕನ್ನಡಿಯ ಹಾಗೆ ನಯವಾಗಿ ಕೆರೆದರು. ಆಮೇಲೆ ತಾವು ಕುಡಿಯಲು ತಂದಿದ್ದ ಬಾಟಲಿಯಿಂದ ಅಂಗೈಗೆ ನೀರು ಸುರಿದುಕೊಂಡು, ನಮ್ಮ ಕಡೆ ಬೆಳಗಿನ ಹೊತ್ತು ಅಂಗಳಕ್ಕೆ ನೀರು ಚಿಮುಕಿಸುವ ಹಾಗೆ ಬೆರಳುಗಳಿಂದ ಚಿಮುಕಿಸಿದರು. ಕಾಯಿರಿ ಎಂಬಂತೆ ಕೈ ತೋರಿಸಿದರು. ಎಲ್ಲ ಒಂದೇ ಸಮನೆ ಕಪ್ಪಾಗಿದ್ದ ಮಣ್ಣು ಆರತೊಡಗಿತು. ಆದರೆ ಒಂದೇ ಸಮನೆ ಆರಲಿಲ್ಲ. ಒಂದು ಕಡೆ ಅಂಗೈ ಅಗಲದ ಚೌಕಗಳು ಇನ್ನೂ ತೇವವಾಗಿ ಉಳಿದಿದ್ದಾಗ, ಅವುಗಳ ನಡುವೆ ಬೆರಳಿನಷ್ಟು ದಪ್ಪದ ಗೆರೆಗಳು ಬೆಳ್ಳಗೆ ಎದ್ದು ಬಂದವು. ಚೌಕಗಳು ಇಟ್ಟಿಗೆ, ಗೆರೆಗಳು ಇಟ್ಟಿಗೆಗಳ ನಡುವೆ ಮೆತ್ತಿದ ಮಣ್ಣು. ಎರಡೂ ಬೇರೆ ಮಣ್ಣು, ನೀರು ಹಿಡಿದಿಡುವ ಗುಣವೂ ಬೇರೆ. ಕರಣೆಯ ಹಿಡಿಯಿಂದ ಅವರು ಅಲ್ಲಿ ಒಮ್ಮೆ, ಇಲ್ಲಿ ಒಮ್ಮೆ ತಟ್ಟಿದರು. ಗೋಡೆಯ ಮೇಲೆ ದಪ್ಪ ಸದ್ದು, ಬಿದ್ದ ಮಣ್ಣಿನ ಮೇಲೆ ಪೊಳ್ಳು ಸದ್ದು. ಆಮೇಲೆ ಕರಣೆಯ ತುದಿಯಿಂದ ಒಂದು ಗೆರೆ ಎಳೆದು, ಅದರ ಆಚೆ ಕೈ ಹಾಕಬೇಡ ಎಂದು ಸನ್ನೆ ಮಾಡಿದರು. ಅಷ್ಟರಲ್ಲಾಗಲೇ ನಾನು ಆ ಗೋಡೆಯ ಮುಖವನ್ನು ಒಂದು ಗೇಣಿನಷ್ಟು ಕಡಿದು ಬಾಂಡ್ಲಿಗೆ ತುಂಬಿ ಎಸೆದಿದ್ದೆ. ಸಾವಿರಾರು ವರ್ಷ ನಿಂತಿದ್ದದ್ದು ನನ್ನ ಎರಡು ದಿನದ ಅಜ್ಞಾನಕ್ಕೆ ಹೋಯಿತು.

ಸಂಜೆ ದಾಖಲೆಯ ಹಾಳೆ ತುಂಬಿದೆವು. ಅದರಲ್ಲಿ ‘ಅಗೆದವರು’ ಎಂಬ ಒಂದು ಚೌಕವಿತ್ತು. ಅಲ್ಲಿ ನನ್ನ ಹೆಸರಿನ ಮೊದಲಕ್ಷರ ಹಾಕುವಂತೆ ಗುಂಡಿಯ ಮೇಲ್ವಿಚಾರಕರು ಹೇಳಿದರು. ಹಾಕಿದೆ. ನೀರಿನ ಮಾತು, ಸದ್ದಿನ ಮಾತು ಹಾಳೆಯಲ್ಲಿ ಎಲ್ಲೂ ಬರಲಿಲ್ಲ. ಅದಕ್ಕೆ ಚೌಕವೇ ಇರಲಿಲ್ಲ. ಗೋಡೆ ತೋರಿಸಿದವರ ಹೆಸರು ಇದ್ದದ್ದು ಕೂಲಿಯ ಪುಸ್ತಕದಲ್ಲಿ.

ಅವರಿಗೆ ಆ ವಿದ್ಯೆ ಎಲ್ಲಿಂದ ಬಂತು? ಹುಡುಗನಾಗಿದ್ದಾಗ ತಂದೆಯ ಜೊತೆ ಮಣ್ಣು ತುಳಿದು, ಹುಲ್ಲು ಕಲಸಿ, ಅಚ್ಚಿಗೆ ಹೊಡೆದು, ಒಣಗಿಸಿ ಇಟ್ಟಿಗೆ ಮಾಡಿದವರು ಅವರು. ಅಂಥ ಗೋಡೆಯ ಮನೆಯಲ್ಲಿ ಹುಟ್ಟಿ, ಅಂಥ ಗೋಡೆ ಮಳೆಗೆ ಕರಗುವುದನ್ನು ಕಂಡವರು. ಅದರ ಮೇಲೆ ಹಲವಾರು ಬೇಸಿಗೆ ಒಂದಾದ ಮೇಲೊಂದು ತಂಡದ ಜೊತೆ ದುಡಿದವರು. ನನ್ನನ್ನು ಹೆಚ್ಚು ಚುಚ್ಚುವುದು ಈ ಮಾತು. ನಾನು ಹುಟ್ಟಿದ್ದೂ ಬಳ್ಳಾರಿ ಸೀಮೆಯ ಮಾಳಿಗೆ ಮನೆಯಲ್ಲಿ. ಮುಂಗಾರಿಗೆ ಮೊದಲು ನಮ್ಮ ತಾತ ಮಾಳಿಗೆಗೆ ಚೌಳು ಮಣ್ಣು ಹಾಕಿಸುತ್ತಿದ್ದರು. ಯಾವ ಹೊಲದ ಚೌಳು ನೀರು ತಡೆಯುತ್ತದೆ, ಯಾವುದು ಬಿರುಕು ಬಿಡುತ್ತದೆ ಅಂತ ಚಿಟಿಕೆ ಮಣ್ಣನ್ನು ಬೆರಳಲ್ಲಿ ಉಜ್ಜಿ ಹೇಳುತ್ತಿದ್ದರು. ಅದು ವಿದ್ಯೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಇಂಗ್ಲಿಷಿನ ಪಠ್ಯದಲ್ಲಿ ಅದೇ ಸಂಗತಿಯನ್ನು ಓದಿದಾಗ ಗೆರೆ ಎಳೆದುಕೊಂಡು ಓದಿದ್ದೆ.

‘ಒಂದು ಅನುಭವದಿಂದ ಸಿದ್ಧಾಂತ ಕಟ್ಟಬೇಡಿ’ ಎನ್ನಬಹುದು. ಹಾಗಾದರೆ ಪುರಾತತ್ತ್ವದ ಚರಿತ್ರೆಯನ್ನೇ ನೋಡೋಣ.

ಜಗತ್ತು ಅತಿ ಹೆಚ್ಚು ಕೊಂಡಾಡಿದ ಶೋಧ ಈಜಿಪ್ಟಿನ ದೊರೆ ತುತಾಂಖಾಮೂನ್ ಸಮಾಧಿಯದು. ಕಂಡುಹಿಡಿದವರು ಯಾರು ಎಂದರೆ ಶಾಲೆಯ ಮಗು ಕೂಡ ಹೋವರ್ಡ್ ಕಾರ್ಟರ್ ಅನ್ನುತ್ತದೆ. ಆದರೆ 1922ರ ನವೆಂಬರ್ 4ರ ಬೆಳಿಗ್ಗೆ ನಡೆದದ್ದನ್ನು ಕಾರ್ಟರ್ ತಾವೇ ಬರೆದಿದ್ದಾರೆ. ಅವರು ಕೆಲಸದ ಜಾಗಕ್ಕೆ ಬಂದಾಗ ಎಲ್ಲ ಮೌನವಾಗಿತ್ತು, ಕೆಲಸ ನಿಂತಿತ್ತು. ಬಂಡೆಯಲ್ಲಿ ಕೊರೆದ ಒಂದು ಮೆಟ್ಟಿಲು ಸಿಕ್ಕಿದೆ ಎಂಬ ಸುದ್ದಿ ಅವರಿಗಾಗಿ ಕಾದಿತ್ತು. ಅಂದರೆ ಮೆಟ್ಟಿಲನ್ನು ಮೆಟ್ಟಿಲೆಂದು ಗುರುತಿಸಿ, ಅಲ್ಲಿಗೆ ಗುದ್ದಲಿ ನಿಲ್ಲಿಸಿದವರು ಈಜಿಪ್ಟಿನ ಕೆಲಸಗಾರರು. ನಿಲ್ಲಿಸುವುದೇ ಉತ್ಖನನದ ಅತಿ ದೊಡ್ಡ ವಿದ್ಯೆ. ನನಗೆ ಬಾರದೆ ಹೋದದ್ದು ಅದೇ. ಕಾರ್ಟರ್ ತಮ್ಮ ಪುಸ್ತಕದಲ್ಲಿ ಅಹ್ಮದ್ ಗೆರಿಗರ್, ಗಾದ್ ಹಸನ್, ಹುಸೇನ್ ಅಬು ಅವಾದ್, ಹುಸೇನ್ ಅಹ್ಮದ್ ಸಯೀದ್ ಎಂಬ ನಾಲ್ವರು ರಯೀಸರನ್ನು, ಅಂದರೆ ಮೇಸ್ತ್ರಿಗಳನ್ನು, ಹೆಸರು ಹಿಡಿದು ನೆನೆದರು. ಅಷ್ಟರಮಟ್ಟಿಗೆ ಅವರು ಪ್ರಾಮಾಣಿಕರು. ಆ ಹೆಸರುಗಳನ್ನು ಅಳಿಸಿದವರು ಕಾರ್ಟರ್ ಅಲ್ಲ, ನಂತರದ ನಾವು.

ಈಗಿನ ಇರಾಕಿನ ಉರ್ ನಗರಕ್ಕೆ ಬನ್ನಿ. ಲಿಯೊನಾರ್ಡ್ ವುಲಿ 1922ರಲ್ಲಿ ಅಲ್ಲಿ ಅಗೆತ ಶುರು ಮಾಡಿದರು. ಮೊದಲ ಪ್ರಯತ್ನದ ಗುಂಡಿಯಲ್ಲೇ ಚಿನ್ನದ ಮಣಿಗಳು ಬಂದವು. ಯಾರಾದರೂ ಆಸೆಯಿಂದ ಮುನ್ನುಗ್ಗುತ್ತಿದ್ದರು. ವುಲಿ ಆ ಗುಂಡಿಯನ್ನು ನಿಲ್ಲಿಸಿದರು. ಮತ್ತೆ ಅಲ್ಲಿಗೆ ಬಂದದ್ದು 1926ರಲ್ಲಿ. ಕಾರಣ ಸ್ಪಷ್ಟವಾಗಿತ್ತು: ಕೆಲಸಗಾರರ ಕೈ ಇನ್ನೂ ಪಳಗಿರಲಿಲ್ಲ. ನಾಲ್ಕು ವರ್ಷ ಕಾದ ಫಲವಾಗಿ ಸುಮಾರು 1,850 ಸಮಾಧಿಗಳು, ಅವುಗಳಲ್ಲಿ 16 ರಾಜಸಮಾಧಿಗಳು ಪಳಗಿದ ಕೈಗಳಲ್ಲಿ ಹೊರಬಂದವು. ಅಲ್ಲಿ ಮರ ಕೊಳೆತು ಹೋದ ಕಡೆ ಮಣ್ಣಿನಲ್ಲಿ ಬರೀ ಟೊಳ್ಳು ಉಳಿದಿತ್ತು; ಆ ಟೊಳ್ಳಿಗೆ ಪ್ಲಾಸ್ಟರ್ ಹುಯ್ದು ಸುಮಾರು ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಿಂದಿನ ತಂತಿವಾದ್ಯದ ಆಕಾರವನ್ನು ಉಳಿಸಿಕೊಂಡರು. ಒಂದು ಏಟು ತಪ್ಪಿದ್ದರೆ ಅದು ಬರೀ ಒಂದು ತೂತು. ಅಗೆತ ಬರೀ ಮೈಕೆಲಸವಾಗಿದ್ದರೆ ಚಿನ್ನ ಕಂಡ ಮನುಷ್ಯ ನಾಲ್ಕು ವರ್ಷ ಕಾಯುತ್ತಿದ್ದನೇ? ವುಲಿಯ ಆ ಕೆಲಸಗಾರರನ್ನು ನಡೆಸುತ್ತಿದ್ದವರು ಹಮೂದಿ ಎಂಬ ಹಿರಿಯ ಮೇಸ್ತ್ರಿ. ಅವರ ಮಗ ಯಾಹ್ಯಾ ತಂಡದ ಛಾಯಾಗ್ರಾಹಕ.

ಇನ್ನೂ ಹೇಳುವುದಿದೆ. ಈಜಿಪ್ಟಿನ ಕುಫ್ತ್ ಎಂಬ ಊರಿನಲ್ಲಿ ಫ್ಲಿಂಡರ್ಸ್ ಪೆಟ್ರಿ 1893–94ರಲ್ಲಿ ಅಗೆಸಿದರು. ಅಲ್ಲಿ ಪಳಗಿದ ಜನ, ಆಮೇಲೆ ಅವರ ಮಕ್ಕಳು, ಮೊಮ್ಮಕ್ಕಳು ಈಜಿಪ್ಟಿನ ಉದ್ದಗಲಕ್ಕೂ ಉತ್ಖನನದ ಪರಿಣತರಾದರು. ‘ಕುಫ್ತಿ’ ಎಂದರೆ ಅಲ್ಲಿ ಇವತ್ತಿಗೂ ಪಳಗಿದ ಅಗೆತಗಾರ. ಇರಾಕಿನ ಶೆರ್ಕಾತ್ ಊರಿನ ಕಥೆಯೂ ಇದೇ. 1903ರಿಂದ 1914ರವರೆಗೆ ಜರ್ಮನರು ಅಶ್ಶೂರ್ ನಗರವನ್ನು ಅಗೆಯುವಾಗ ಮಣ್ಣಿಟ್ಟಿಗೆಯ ಗೋಡೆ ಹಿಡಿಯುವ ವಿದ್ಯೆ ಕರಗತ ಮಾಡಿಕೊಂಡ ಶೆರ್ಕಾತಿಗಳನ್ನು ಮುಂದಿನ ಎಷ್ಟೋ ತಂಡಗಳು ಹುಡುಕಿಕೊಂಡು ಹೋದವು. ಗೀಜಾದಲ್ಲಿ ಜಾರ್ಜ್ ರೈಸ್ನರ್ ಅವರ ತಂಡದ ಕುಫ್ತಿಗಳು ಛಾಯಾಚಿತ್ರ ತೆಗೆದರು, ಅರಬ್ಬಿಯಲ್ಲಿ ದಿನದಿನದ ಉತ್ಖನನ ದಿನಚರಿ ಬರೆದರು. ತಲೆಮಾರಿನಿಂದ ತಲೆಮಾರಿಗೆ ಹರಿದುಬರುವ, ಗುರುವಿನಿಂದ ಶಿಷ್ಯನಿಗೆ ಸಾಗುವ ಇಂಥದ್ದನ್ನು ನಾವು ಸಂಗೀತದಲ್ಲಿ ಘರಾನೆ ಎನ್ನುತ್ತೇವೆ, ಮಠದಲ್ಲಿ ಪರಂಪರೆ ಎನ್ನುತ್ತೇವೆ. ಮಣ್ಣಿಗೆ ಬಂದಾಗ ಮಾತ್ರ ಕೂಲಿ ಎನ್ನುತ್ತೇವೆ.

ಈಗ ಎದುರು ವಾದಗಳಿಗೆ ಬರುತ್ತೇನೆ. ಅವುಗಳಲ್ಲಿ ಯಾವುದೂ ಹಗುರವಾದದ್ದಲ್ಲ.

ಮೊದಲನೆಯದು: ‘ಅದು ಕೈಚಳಕ ಇರಬಹುದು, ಜ್ಞಾನವಲ್ಲ. ಗೋಡೆ ತೋರಿಸಬಲ್ಲರು, ಅದು ಯಾವ ಕಾಲದ್ದು, ಯಾರದ್ದು, ಯಾಕೆ ಬಿತ್ತು ಎಂದು ಹೇಳಬಲ್ಲರೇ?’ ಕಾಲ ನಿರ್ಣಯ, ಹೋಲಿಕೆ, ಪ್ರಯೋಗಾಲಯದ ಪರೀಕ್ಷೆ ಬೇರೆಯೇ ವಿದ್ಯೆಗಳು, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ವಿದ್ಯೆಗಳೆಲ್ಲ ನಿಂತಿರುವುದು ಯಾವುದರ ಮೇಲೆ? ಈ ಮಡಕೆ ಚೂರು ಈ ಪದರದ್ದು, ಆ ಪದರದ್ದಲ್ಲ ಎಂಬ ಒಂದೇ ತೀರ್ಮಾನದ ಮೇಲೆ. ಆ ತೀರ್ಮಾನ ಆಗುವುದು ಗುಂಡಿಯ ತಳದಲ್ಲಿ, ಕರಣೆ ಹಿಡಿದ ಕೈಯಲ್ಲಿ, ಆ ಕ್ಷಣದಲ್ಲಿ. ಉತ್ಖನನ ಎಂದರೆ ಒಂದೇ ಸಲ ಓದಲು ಸಿಗುವ ಪುಸ್ತಕ. ಓದಿದ ಹಾಳೆ ಓದಿದ ಹಾಗೇ ಹರಿದುಹೋಗುತ್ತದೆ. ಆ ಹಾಳೆಯನ್ನು ಕಣ್ಣಾರೆ ಓದಿದವರನ್ನು ಏನು ಕಂಡಿರಿ ಎಂದು ಕೇಳದೆ ವರದಿ ಬರೆಯುವುದು ವಿಜ್ಞಾನಕ್ಕೇ ಮಾಡುವ ದ್ರೋಹ.

ಎರಡನೆಯದು: ‘ಅವರಿಗೆ ಸಂಬಳ ಕೊಟ್ಟಿದ್ದೇವೆ. ವಿದ್ಯಾರ್ಥಿ ತಾನೇ ಹಣ ಕೊಟ್ಟು ಬಂದಿದ್ದಾನೆ.’ ವಿದ್ಯಾರ್ಥಿಯ ಮೇಲಿನ ಹೊರೆ ನಿಜ. ಸಾವಿರಾರು ಡಾಲರ್ ಶುಲ್ಕ ಕಟ್ಟಿ, ವಿಮಾನದ ಖರ್ಚು ಹೊತ್ತು, ಬಿಸಿಲಲ್ಲಿ ಬಿಟ್ಟಿ ದುಡಿಯುವುದು ಬಡ ಮನೆಯ ಮಕ್ಕಳಿಗೆ ಆಗದ ಮಾತು. ಅದು ಬೇರೆಯೇ ಅನ್ಯಾಯ. ಆದರೆ ಸಂಬಳ ಹೆಸರಿಗೆ ಬದಲಿಯಾಗುತ್ತದೆಯೇ? ಪ್ರಾಧ್ಯಾಪಕರಿಗೂ ಸಂಬಳವಿದೆ, ಅದಕ್ಕಾಗಿ ಅವರ ಪುಸ್ತಕದ ಮುಖಪುಟದಿಂದ ಹೆಸರು ತೆಗೆಯುತ್ತೇವೆಯೇ? ದುಡ್ಡು ಕೊಟ್ಟರೆ ದುಡಿಮೆ ನಮ್ಮದಾಗಬಹುದು, ಕಂಡ ಕಣ್ಣು ನಮ್ಮದಾಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಜಾಣತನದ್ದು: ‘ಅವರನ್ನೇ ಕೇಳಿ ನೋಡಿ. ನಮಗೇನೂ ಗೊತ್ತಿಲ್ಲ, ನಾವು ಮಣ್ಣು ಹೊರುವವರು ಎನ್ನುತ್ತಾರೆ.’ ಹೌದು, ಅನ್ನುತ್ತಾರೆ. ಯಾಕೆ ಅನ್ನುತ್ತಾರೆ ಎಂದು ಆಲಿಸನ್ ಮಿಕೆಲ್ ಎಂಬ ಪುರಾತತ್ತ್ವಜ್ಞೆ ಜೋರ್ಡಾನಿನ ಪೆಟ್ರಾದಲ್ಲಿ, ಟರ್ಕಿಯ ಚಾತಾಲ್‌ಹೊಯುಕ್‌ನಲ್ಲಿ ಕೆಲಸಗಾರರನ್ನೇ ಮಾತಾಡಿಸಿ ಅಧ್ಯಯನ ಮಾಡಿದರು. 2021ರಲ್ಲಿ ಅದು ಪುಸ್ತಕವಾಗಿ ಬಂತು. ಅವರು ಕಂಡದ್ದು ಇಷ್ಟು: ಈ ಕೆಲಸಗಾರರಿಗೆ ಆಳವಾದ ತಿಳಿವಳಿಕೆ ಇದೆ, ಆದರೆ ಅದನ್ನು ತೋರಿಸಿಕೊಂಡರೆ ಲಾಭವಿಲ್ಲ. ಸರಳ ಹಳ್ಳಿಗ, ಹೇಳಿದ್ದು ಮಾಡುವವ ಎಂದು ಕಾಣಿಸಿಕೊಂಡರೆ ಮುಂದಿನ ಬೇಸಿಗೆಗೂ ಕರೆ ಬರುತ್ತದೆ. ಗೊತ್ತಿಲ್ಲ ಎನ್ನುವುದಕ್ಕೇ ಕೂಲಿ ಸಿಗುವಂಥ ವ್ಯವಸ್ಥೆ ಕಟ್ಟಿದವರು ನಾವು. ಆಮೇಲೆ ಅದೇ ಮಾತನ್ನು ಸಾಕ್ಷಿಯಾಗಿ ತೋರಿಸುತ್ತೇವೆ. ಇದು ಹೊಸದೂ ಅಲ್ಲ. ಗೌಡರ ಎದುರು ‘ನಮಗೇನು ತಿಳೀತದೆ ಧಣೀ’ ಎಂದು ಕೈಕಟ್ಟಿ ನಿಂತ ಜೀತದಾಳಿಗೆ ಹೊಲದ ಇಂಚಿಂಚೂ ತಿಳಿದಿರುತ್ತಿತ್ತು. ಆ ಮಾತಿನ ಹಿಂದಿನ ಭಯ ಕನ್ನಡಿಗರಾದ ನಮಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾಗಬೇಕು?

ನಾಲ್ಕನೆಯದು ಆಡಳಿತದವರ ಮಾತು: ‘ನೂರಾರು ಜನ ದುಡಿಯುವ ಕಡೆ ಯಾವುದು ಯಾರ ಶೋಧ ಎಂದು ಬರೆದಿಡಲು ಆಗದು.’ ಆಗುತ್ತದೆ, ಆಗಿದೆ. ನೂರಿಪ್ಪತ್ತು ವರ್ಷಗಳ ಹಿಂದೆ ಪೆಟ್ರಿ ಅದನ್ನು ಮಾಡಿದ್ದರು. ಸಿಕ್ಕಿದ ವಸ್ತುವಿಗೆ ಬಕ್ಷೀಸು ಕೊಡುವ ಪದ್ಧತಿ ಅವರದು. ಹಾಗಾಗಿ ಯಾರಿಗೆ ಎಷ್ಟು ಎಂದು ಹೆಸರು ಸಮೇತ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವುಗಳನ್ನೆಲ್ಲ ಹುಡುಕಿ, ಸ್ಟೀಫನ್ ಕ್ವಿರ್ಕ್ 2010ರಲ್ಲಿ ಆ ಈಜಿಪ್ಟಿನ ಕೆಲಸಗಾರರ ಬಗ್ಗೆಯೇ ಒಂದು ಗ್ರಂಥ ಬರೆದರು. ಲೆಕ್ಕಕ್ಕೆ ಬೇಕಾದಾಗ ಹೆಸರು ಸಿಗುತ್ತದೆ, ಗೌರವಕ್ಕೆ ಬೇಕಾದಾಗ ಸಿಗುವುದಿಲ್ಲ ಎಂದರೆ ಕಷ್ಟ ಬರವಣಿಗೆಯದ್ದಲ್ಲ, ಮನಸ್ಸಿನದ್ದು.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ನೆಲವೂ ಹೊರಗಿನವರಿಗೆ ‘ವಿದೇಶದ ಉತ್ಖನನ’ವಾಗಿತ್ತು. 1944ರಲ್ಲಿ ತಕ್ಷಶಿಲೆಯಲ್ಲಿ ವಿದ್ಯಾರ್ಥಿಗಳಿಗೆ ಉತ್ಖನನ ಶಾಲೆ ನಡೆಸಿದ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಬಂದರು. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಕಾಲಕ್ರಮಕ್ಕೆ ಒಂದು ಚೌಕಟ್ಟು ಒದಗಿಸಿದ ಅಗೆತ ಅದು. 1980ರ ದಶಕದಿಂದ ಹಂಪಿಗೆ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಅವರ ಜೊತೆ ನಾನಾ ದೇಶಗಳ ವಿದ್ಯಾರ್ಥಿಗಳು ಬಂದು ಶಿಬಿರ ಹೂಡಿ, ಪಾಳುಬಿದ್ದ ನಗರವನ್ನು ಗೇಣು ಗೇಣು ಅಳೆದರು. ಒಳ್ಳೆಯ ಕೆಲಸ, ಅದರ ಋಣ ನಮ್ಮ ಮೇಲಿದೆ. ಆದರೆ ಬ್ರಹ್ಮಗಿರಿಯ ಗುಂಡಿಯಲ್ಲಿ ಮೊದಲು ಗುದ್ದಲಿ ನಿಲ್ಲಿಸಿದ ನಮ್ಮ ಹಳ್ಳಿಯವರ ಒಂದು ಹೆಸರು ನಿಮಗೆ ಗೊತ್ತೇ? ಹಂಪಿಯ ಯಾವ ಬಂಡೆಯ ಹಿಂದೆ ಯಾವ ಗುಡಿ ಅಡಗಿದೆ ಎಂದು ದಾರಿ ತೋರಿಸಿದ ಕುರಿಗಾಹಿಯ ಹೆಸರು? ಅವರು ನಮ್ಮ ಅಜ್ಜಂದಿರು, ಮುತ್ತಜ್ಜಂದಿರು. ಹಾಗಿರುವಾಗ ನಮ್ಮ ಮಕ್ಕಳು ಬ್ರಿಟನ್ನಿನ ವಿಶ್ವವಿದ್ಯಾಲಯ ಸೇರಿ, ಜೋರ್ಡಾನಿಗೋ ಈಜಿಪ್ಟಿಗೋ ಹೋಗಿ, ಅಲ್ಲಿನ ಅಜ್ಜಂದಿರನ್ನು ಅದೇ ಕಣ್ಣಿನಿಂದ ನೋಡಿ ಬರುವುದು ನನಗೆ ತಡೆಯಲಾಗದ ಸಂಕಟ. ನಾನೂ ಹಾಗೇ ನೋಡಿ ಬಂದವರಲ್ಲಿ ಒಬ್ಬ.

ಹಾಗಾದರೆ ಏನು ಮಾಡಬೇಕು? ದೊಡ್ಡ ಸುಧಾರಣೆಗಳು ಬೇಕಿಲ್ಲ. ‘ಅಗೆದವರು’ ಎಂಬ ಚೌಕದಲ್ಲಿ ಅಗೆದ ಎಲ್ಲರ ಹೆಸರು ಬರಲಿ. ಕೆಲಸಗಾರರು ಗೋಡೆಯನ್ನು ಹೇಗೆ ಗುರುತಿಸಿದರು, ಯಾಕೆ ಅಲ್ಲಿ ನಿಲ್ಲಿಸಿದರು ಎಂಬುದು ಅವರ ಮಾತಿನಲ್ಲೇ ದಾಖಲಾಗಲಿ. ಬೇಸಿಗೆಯ ಮೊದಲ ವಾರ ವಿದ್ಯಾರ್ಥಿ ಉಪನ್ಯಾಸ ಕೇಳುವ ಬದಲು ಊರಿನ ಪಳಗಿದ ಕೆಲಸಗಾರರ ಕೈಕೆಳಗೆ ದುಡಿಯಲಿ; ತಂಡ ಅವರನ್ನು ಗುರು ಎಂದೇ ಪರಿಚಯಿಸಲಿ, ಗುರುವಿಗೆ ತಕ್ಕ ಸಂಬಳ ಕೊಡಲಿ. ಇಪ್ಪತ್ತು ಬೇಸಿಗೆ ದುಡಿದವರಿಗೂ ನಿನ್ನೆ ಬಂದವರಿಗೂ ಒಂದೇ ದಿನಗೂಲಿ ಎಂಬುದು ನಿಲ್ಲಲಿ. ವರದಿಯ ಸಾರ ಆ ನೆಲದ ಭಾಷೆಯಲ್ಲಿ ಮೊದಲು ಆ ಊರಿಗೆ ತಲುಪಲಿ. ನಮ್ಮ ರಾಜ್ಯದ ಉತ್ಖನನಗಳಲ್ಲೂ ಇದೆಲ್ಲ ಕನ್ನಡದಲ್ಲಿ ಆಗಲಿ.

ಇದರಿಂದ ವಿದ್ಯಾರ್ಥಿಗೆ ಏನೂ ನಷ್ಟವಿಲ್ಲ. ನಾನು ಆ ಬೇಸಿಗೆಯಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಕೈಯಲ್ಲಿ ಉಳಿದಿರುವುದು ಒಂದೇ: ಕೆರೆ, ನೀರು ಚಿಮುಕಿಸು, ಕಾಯಿ. ಅದನ್ನು ಕಲಿಸಿದವರ ಹೆಸರನ್ನು ಇಲ್ಲಿ ಬರೆಯಬೇಕಿತ್ತು. ಆ ಸೀಮೆಯಲ್ಲಿ ಹಿರಿಯರನ್ನು ಹಿರಿಮಗನ ಹೆಸರಿನ ಹಿಂದೆ ‘ಅಬು’ ಸೇರಿಸಿ, ಇಂಥವನ ಅಪ್ಪ ಎಂದು ಕರೆಯುತ್ತಾರೆ. ನಾವೂ ಆರು ವಾರ ಹಾಗೇ ಕರೆದೆವು. ಬೆಳಗಿನ ತಿಂಡಿಯ ಹೊತ್ತಿಗೆ ಅವರು ಸೇಜ್ ಸೊಪ್ಪು ಹಾಕಿ ಕಾಸಿದ ಸಿಹಿ ಚಹಾ ಕುಡಿದೆವು, ಅವರ ರೊಟ್ಟಿ ಹಂಚಿಕೊಂಡೆವು. ಅವರ ಸ್ವಂತ ಹೆಸರು ಏನೆಂದು ನಾನು ಒಂದು ದಿನವೂ ಕೇಳಲಿಲ್ಲ. ಗೋಡೆಗೆ ಒಂದು ಸಂಖ್ಯೆ ಕೊಟ್ಟಿದ್ದೆವು. ಆ ಸಂಖ್ಯೆ ಇವತ್ತಿಗೂ ನನಗೆ ನೆನಪಿದೆ.

ಈ ಬೇಸಿಗೆಯಲ್ಲಿ ಹೊರದೇಶದ ದಿಬ್ಬಕ್ಕೆ ಹೊರಟಿರುವ ಕನ್ನಡದ ಹುಡುಗ ಹುಡುಗಿಯರೇ, ಮೊದಲ ದಿನವೇ ಕೇಳಿ. ಹೆಸರು ಕೇಳಿ, ಉಚ್ಚಾರ ಕಲಿಯಿರಿ, ದಿನಚರಿಯ ಮೊದಲ ಪುಟದಲ್ಲಿ ಬರೆಯಿರಿ. ಗೋಡೆ ಆಮೇಲೆ ಸಿಗುತ್ತದೆ.